ಒಡವೆಯ ಬೆನ್ನ ಮೇಲಿನ ಗುರುತು

ಹಳೆಯ ಚಿನ್ನದ ಸಾಮಾನುಗಳ ಮೇಲಿರುವ ಗುರುತುಗಳ ಬಗ್ಗೆ ಕಳೆದ ಭಾನುವಾರ ಮೈಸೂರಿನಲ್ಲಿ ಮಾತಾಡಿದ್ದೆ. ಬಂದಿದ್ದವರಲ್ಲಿ ಹಲವರು ಬರೆದು ಕೊಡಿ ಎಂದು ಕೇಳಿದರು. ಆಡಿದ ಮಾತನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಕೊಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಸುಮಾರು ಜನ ಮನೆಯಿಂದ ಒಂದೊಂದು ಹಳೆಯ ಚಿನ್ನದ ಸಾಮಾನು ತಂದಿದ್ದೀರಿ. ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಬಂದವರಿದ್ದೀರಿ. ಕುಂಕುಮದ ಡಬ್ಬಿಯಲ್ಲಿ ಹತ್ತಿ ಹಾಕಿ ತಂದವರೂ ಇದ್ದೀರಿ. ಈಗ ಒಂದು ಕೆಲಸ ಮಾಡಿ. ಅದನ್ನು ಕೈಗೆ ತೆಗೆದುಕೊಂಡು ಮಗುಚಿ ಹಿಡಿಯಿರಿ. ಮುಂಭಾಗ ನಿಮಗೆ ಬಾಯಿಪಾಠ. ಎಷ್ಟು ಹರಳಿದೆ, ಯಾವ ಹರಳು ಯಾವ ಮದುವೆಯಲ್ಲಿ ಬಿದ್ದುಹೋಯಿತು, ಎಲ್ಲ ಗೊತ್ತಿರುತ್ತದೆ. ಹಿಂಭಾಗ ನೋಡಿದವರು ಕಡಿಮೆ. ಇವತ್ತಿನ ನನ್ನ ಮಾತೆಲ್ಲ ಆ ಹಿಂಭಾಗದ್ದು.

ನಾನು ಮೂವತ್ತು ವರ್ಷ ಮಂಡ್ಯ ಜಿಲ್ಲೆಯ ಬ್ಯಾಂಕ್ ಶಾಖೆಗಳಲ್ಲಿ ಚಿನ್ನ ಪರೀಕ್ಷೆ ಮಾಡಿದವನು. ಅಪ್ರೈಸರ್ ಅನ್ನುತ್ತಾರಲ್ಲ, ಆ ಕೆಲಸ. ಕಬ್ಬಿನ ನಾಟಿಗೆ, ಗೊಬ್ಬರಕ್ಕೆ, ಮಗಳ ಕಾಲೇಜು ಫೀಸಿಗೆ ಅಂತ ಜನ ಒಡವೆ ತಂದು ಅಡ ಇಡುತ್ತಿದ್ದರು. ಕಬ್ಬಿನ ಬಟವಾಡೆ ಬಂದ ಮೇಲೆ ಬಿಡಿಸಿಕೊಂಡು ಹೋಗುತ್ತಿದ್ದರು. ಹಾಗೆ ನನ್ನ ಮೇಜಿನ ಮೇಲೆ ಸಾವಿರಾರು ಒಡವೆ ಬಂದು ಹೋಗಿವೆ. ನಮ್ಮದು ಅಕ್ಕಸಾಲಿಗರ ಮನೆತನ. ನಮ್ಮಜ್ಜ ಶ್ರೀರಂಗಪಟ್ಟಣದಲ್ಲಿ ಅಗ್ಗಿಷ್ಟಿಕೆ ಮುಂದೆ ಕೂತು ಕೆಲಸ ಮಾಡಿದವರು. ಒರೆಗಲ್ಲು ಹಿಡಿಯುವುದನ್ನು ನನಗೆ ಕಲಿಸಿದವರು ಅವರೇ.

ಹಳೆಯ ಚಿನ್ನದ ಮೇಲೆ ಒಂದು ಗುರುತು ಕಂಡ ಕೂಡಲೇ ಎಲ್ಲರೂ ಕೇಳುವುದು "ಇದು ಎಷ್ಟು ಕ್ಯಾರೆಟ್?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಇದು ಯಾರ ಗುರುತು? ಒಂದು ಚಿನ್ನದ ಸಾಮಾನು ನೂರು ವರ್ಷ ಬದುಕಿದರೆ ಅದರ ಮೇಲೆ ಹಲವು ಕೈಗಳು ಬರೆದಿರುತ್ತವೆ. ಮಾಡಿದವನು ಬರೆದಿರಬಹುದು. ಪರೀಕ್ಷೆ ಮಾಡಿದವನು, ಮಾರಿದವನು, ಹಾಕಿಕೊಂಡವರು, ರಿಪೇರಿ ಮಾಡಿದವನು, ಗಿರವಿ ಅಂಗಡಿಯವನು, ಎಲ್ಲರೂ ಬರೆದಿರಬಹುದು. ಇವರಲ್ಲಿ ಮಾಡಿದವನ ಗುರುತೇ ಎಲ್ಲಕ್ಕಿಂತ ಅಪರೂಪ. ಕಂಡ ಗುರುತನ್ನೆಲ್ಲ ಮಾಡಿದವನದು ಅಂದುಕೊಳ್ಳುವುದೇ ಮೊದಲ ತಪ್ಪು.

ಆ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ವಯಸ್ಸಾದ ಒಬ್ಬ ತಾಯಿ ಒಂದು ಜೊತೆ ಪಾಟ್ಲಿ ತಂದಿದ್ದರು. ಒಳಮೈಯಲ್ಲಿ ಸಣ್ಣದಾಗಿ "ಲ" ಅಂತ ಕೊರೆದಿತ್ತು. "ಇದು ಮಾಡಿದ ಆಚಾರ್ರ ಹೆಸರಿನ ಅಕ್ಷರ ಇರಬೇಕು ಅಮ್ಮ" ಎಂದೆ. ಅವರು ತಲೆ ಅಲ್ಲಾಡಿಸಿದರು. "ಇಲ್ಲ ಕಣಪ್ಪ. ನಾವು ಮೂರು ಜನ ಓರಗಿತ್ತೀರು. ನಮ್ಮತ್ತೆ ಮೂವರಿಗೂ ಒಂದೇ ಥರದ್ದು ಮಾಡ್ಸಿದ್ರು. ಅದಲುಬದಲು ಆಗ್ದಿರ್ಲಿ ಅಂತ ಒಬ್ಬೊಬ್ಬರ ಅಕ್ಷರ ಹಾಕ್ಸಿದ್ರು" ಎಂದರು. ಅವತ್ತಿನಿಂದ ಗುರುತು ಕಂಡ ತಕ್ಷಣ ನಾನು ಬಾಯಿ ಬಿಡುವುದಿಲ್ಲ. ಮೊದಲು ಮನೆಯವರನ್ನು ಕೇಳುತ್ತೇನೆ.

ಮಾಡಿದವನ ಗುರುತು ಕಾನೂನಿನಲ್ಲೇ ಕಡ್ಡಾಯವಾಗಿದ್ದ ದೇಶಗಳಿವೆ. ನಮ್ಮ ಮನೆಗಳಲ್ಲಿ ಸಿಗುವ ಹೊರದೇಶದ ಸಾಮಾನು ಹೆಚ್ಚಾಗಿ ಇಂಗ್ಲೆಂಡಿನದು. ಕೋಟಿನ ಗುಂಡಿ, ಕಫ್‌ಲಿಂಕ್, ಟೈಪಿನ್ನು, ಸೆರಗಿಗೆ ಚುಚ್ಚುವ ಬ್ರೋಚು, ಜೇಬು ಗಡಿಯಾರದ ಚೈನು. ಪೇಟ, ಉದ್ದ ಕೋಟು ಹಾಕಿ ಕಚೇರಿಗೆ ಹೋಗುತ್ತಿದ್ದ ಹಿರಿಯರ ಪೆಟ್ಟಿಗೆಯಲ್ಲಿ ಇವು ಸಿಗುತ್ತವೆ. ಇಂಗ್ಲೆಂಡಿನಲ್ಲಿ 1300ರಲ್ಲೇ ಚಿನ್ನ ಬೆಳ್ಳಿಯ ಪರೀಕ್ಷೆಗೆ ಕಾನೂನು ಬಂತು. ಪಾಸಾದದ್ದಕ್ಕೆ ಚಿರತೆಯ ತಲೆಯ ಮುದ್ರೆ. 1363ರಲ್ಲಿ ಪ್ರತಿಯೊಬ್ಬ ಅಕ್ಕಸಾಲಿಗನೂ ತನ್ನದೇ ಗುರುತು ಇಟ್ಟುಕೊಳ್ಳಬೇಕು ಎಂದಾಯಿತು. ಆಗ ಓದು ಬರಹ ಬಲ್ಲವರು ಕಡಿಮೆ. ಅದಕ್ಕೆ ಮೊದಮೊದಲು ಅಕ್ಷರದ ಬದಲು ಚಿತ್ರಗಳೇ ಜಾಸ್ತಿ ಇದ್ದವು. 1478ರಿಂದ ಲಂಡನ್ನಿನ ಅಕ್ಕಸಾಲಿಗರ ಸಂಘದ ಮನೆಗೇ ತಂದು ಮುದ್ರೆ ಹಾಕಿಸಬೇಕಾಯಿತು. ಆ ಮನೆಗೆ ಅವರ ಮಾತಿನಲ್ಲಿ 'ಹಾಲ್' ಅನ್ನುತ್ತಾರೆ. ಅಲ್ಲಿ ಹಾಕಿದ ಗುರುತು ಹಾಲ್‌ಮಾರ್ಕ್. ನಾವು ದಿನಾ ಆಡುವ ಮಾತು ಅಲ್ಲಿಂದ ಬಂದದ್ದು.

ಇದರಲ್ಲಿ ಒಂದು ವಿಷಯ ಗಮನಿಸಿ. ಮಾಡಿದವನ ಗುರುತು ಹುಟ್ಟಿದ್ದು ಅವನ ಹೆಸರು ಮೆರೆಸುವುದಕ್ಕಲ್ಲ. ಬೆರಕೆ ಸಿಕ್ಕರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಾಗುವುದಕ್ಕೆ. ಹೆಮ್ಮೆ ಆಮೇಲೆ ಬಂತು.

ಇಂಗ್ಲೆಂಡಿನ ಚಿನ್ನದ ಮೇಲೆ ಸಾಮಾನ್ಯವಾಗಿ ನಾಲ್ಕೈದು ಸಣ್ಣ ಮುದ್ರೆಗಳು ಸಾಲಾಗಿರುತ್ತವೆ. ಅದರಲ್ಲಿ ಎರಡು ಮೂರು ಅಕ್ಷರಗಳು ಒಂದು ಚೌಕಟ್ಟಿನೊಳಗೆ ಇದ್ದರೆ ಅದು ಮಾಡಿದವನದು, ಅಥವಾ ಮಾಡಿಸಿ ಪರೀಕ್ಷೆಗೆ ಕಳಿಸಿದ ಕಂಪನಿಯದು. ಚೌಕಟ್ಟಿನ ಆಕಾರವನ್ನೂ ಬರೆದುಕೊಳ್ಳಿ. ಒಂದೇ ಅಕ್ಷರಗಳ ಹತ್ತಾರು ಜನ ಇರುತ್ತಾರೆ. ಒಬ್ಬನದು ಗುರಾಣಿ ಆಕಾರ, ಇನ್ನೊಬ್ಬನದು ಮೊಟ್ಟೆ ಆಕಾರ. ಅದರಿಂದಲೇ ಬೇರೆ ಮಾಡುವುದು. ಆಮೇಲೆ ಊರಿನ ಗುರುತು. ಲಂಡನ್ನಿಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಎಡಿನ್‌ಬರೋಗೆ ಕೋಟೆ, ಚೆಸ್ಟರಿಗೆ ಮೂರು ಗೋಧಿ ಕಟ್ಟು ಮತ್ತು ಕತ್ತಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಕಚೇರಿ 1773ರಲ್ಲಿ ಶುರುವಾಯಿತು. ಸಮುದ್ರವೇ ಇಲ್ಲದ ಊರು ಅದು, ಆದರೂ ಗುರುತು ಲಂಗರು. ನಮ್ಮ ಕಡೆ ಸಿಗುವ ಗುಂಡಿ, ಬ್ರೋಚುಗಳಲ್ಲಿ ನಾನು ಜಾಸ್ತಿ ನೋಡಿರುವುದು ಆ ಲಂಗರನ್ನೇ. ಚೆಸ್ಟರಿನ ಕಚೇರಿ 1962ರಲ್ಲಿ ಮುಚ್ಚಿತು.

ಕ್ಯಾರೆಟ್ ಅಂಕಿಯೂ ಕಾಲ ಹೇಳುತ್ತದೆ. ಅಲ್ಲಿ 1854ರಲ್ಲಿ 15, 12, 9 ಕ್ಯಾರೆಟ್‌ಗೆ ಒಪ್ಪಿಗೆ ಸಿಕ್ಕಿತು. 1932ರಲ್ಲಿ 15 ಮತ್ತು 12 ತೆಗೆದು 14 ತಂದರು. ಹಾಗಾಗಿ ನಿಮ್ಮ ಟೈಪಿನ್ನಿನ ಹಿಂದೆ 15 ಮತ್ತು .625 ಅಂತ ಇದ್ದರೆ ಅದು 1854ರಿಂದ 1932ರ ಒಳಗಿನದು. ಪುಸ್ತಕ ತೆರೆಯುವುದೇ ಬೇಡ. ಅದರ ಜೊತೆ ಒಂದು ಒಂಟಿ ಅಕ್ಷರ ಇದ್ದರೆ ಅದು ವರ್ಷದ್ದು. ಬರ್ಮಿಂಗ್‌ಹ್ಯಾಮಿನಲ್ಲಿ 1900ರಿಂದ ಇಂಗ್ಲಿಷಿನ ಸಣ್ಣಕ್ಷರಗಳ ಒಂದು ಸುತ್ತು, 1925ರಿಂದ ದೊಡ್ಡಕ್ಷರಗಳ ಇನ್ನೊಂದು ಸುತ್ತು. ಪ್ರತಿ ಊರಿಗೂ ಬೇರೆ ಬೇರೆ ಸುತ್ತು. ಹಾಗಾಗಿ ಊರಿನ ಗುರುತು ಸಿಗದೆ ಅಕ್ಷರ ನೋಡಿ ವರ್ಷ ಹೇಳಬೇಡಿ.

ಫ್ರಾನ್ಸಿನದಾದರೆ 1838ರಿಂದ ಹದ್ದಿನ ತಲೆ ಇರುತ್ತದೆ. ಅದು 18 ಕ್ಯಾರೆಟ್‌ಗೆ. ಮಾಡಿದವನ ಅಕ್ಷರ ಗಾಳಿಪಟದ ಆಕಾರದೊಳಗೆ. ಎಷ್ಟು ಸಣ್ಣದು ಅಂದರೆ ಬರಿಗಣ್ಣಿಗೆ ಗೀಚು ಬಿದ್ದಂತೆ ಕಾಣುತ್ತದೆ. ರಷ್ಯಾದ ಹಳೆಯ ಸಾಮಾನಿನ ಮೇಲೆ 56 ಅಂತ ಇದ್ದರೆ ಗಾಬರಿಯಾಗಬೇಡಿ, ಅವರ ಲೆಕ್ಕದಲ್ಲಿ ಅಪರಂಜಿ ಅಂದರೆ 96. 56 ಅಂದರೆ ನಮ್ಮ 14 ಕ್ಯಾರೆಟ್. ಇವೆರಡೂ ಇಲ್ಲಿ ಸಿಗುವುದು ಕಡಿಮೆ.

ಜೇಬು ಗಡಿಯಾರದ ಚೈನಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮೋಸ ಹೋಗುವುದು ಅಲ್ಲೇ. ಒಳ್ಳೆಯ ಇಂಗ್ಲಿಷ್ ಚೈನಿನಲ್ಲಿ ಒಂದೊಂದು ಕೊಂಡಿಯ ಮೇಲೂ 9 ಅಥವಾ 15 ಅಥವಾ 18 ಅಂತ ಮುದ್ರೆ ಇರುತ್ತದೆ. ಒಂದು ಕೊಂಡಿಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಯಾರೋ ಆಮೇಲೆ ಸೇರಿಸಿದ್ದು. ಗಡಿಯಾರದ ಮುಚ್ಚಳ ತೆರೆದರೆ ಒಳಗೆ "20 ವರ್ಷ ಗ್ಯಾರಂಟಿ" ಅನ್ನುವ ಅರ್ಥದ ಇಂಗ್ಲಿಷ್ ಮಾತು ಇರುವುದುಂಟು. ಜನ ಅದನ್ನು ಓದಿ ಖುಷಿಪಡುತ್ತಾರೆ. ಅದು ಗಟ್ಟಿ ಚಿನ್ನವಲ್ಲ ಎನ್ನುವುದಕ್ಕೇ ಅದು ಸಾಕ್ಷಿ. ಎರಡು ತೆಳು ಚಿನ್ನದ ತಗಡಿನ ನಡುವೆ ಬೇರೆ ಲೋಹ ಇಟ್ಟು ಒತ್ತಿದ್ದು, ಮೇಲಿನ ಚಿನ್ನ ಇಷ್ಟು ವರ್ಷ ಸವೆಯದೆ ಇರುತ್ತದೆ ಅಂತ ಕಂಪನಿ ಕೊಟ್ಟ ಮಾತು. ಗಟ್ಟಿ ಚಿನ್ನಕ್ಕೆ ಯಾರೂ ವರ್ಷದ ಗ್ಯಾರಂಟಿ ಬರೆಯುವುದಿಲ್ಲ, ಅಲ್ವಾ? ಅದೇ ಮುಚ್ಚಳದ ಒಳಗೆ ಸೂಜಿಯಲ್ಲಿ ಗೀಚಿದಂತೆ ಪುಟ್ಟ ಪುಟ್ಟ ಅಂಕಿಗಳು ಇದ್ದರೆ ಅವು ಗಡಿಯಾರ ರಿಪೇರಿ ಮಾಡಿದವರು ತಮ್ಮ ಲೆಕ್ಕಕ್ಕೆ ಹಾಕಿಕೊಂಡದ್ದು. ಪಾಲಿಶ್ ಹೊಡೆಸಿ ಅದನ್ನು ಅಳಿಸಬೇಡಿ. ಆ ಗಡಿಯಾರ ಎಷ್ಟು ಸಲ ಬಿಚ್ಚಿ ಕೂಡಿಸಿದ್ದು ಅನ್ನುವುದಕ್ಕೆ ಅದೊಂದೇ ದಾಖಲೆ.

ಡಯಲ್ ಮೇಲಿನ ಹೆಸರೂ ಮಾಡಿದವನದೇ ಆಗಿರಬೇಕಿಲ್ಲ. ಮದರಾಸಿನ ಮೌಂಟ್ ರೋಡಿನಲ್ಲಿ ಪಿ. ಓರ್ ಅಂಡ್ ಸನ್ಸ್ ಅಂತ ದೊಡ್ಡ ಅಂಗಡಿ ಇತ್ತು. ಅವರ ಹೆಸರಿನ ಗಡಿಯಾರಗಳು ದಕ್ಷಿಣದಲ್ಲೆಲ್ಲ ಸಿಗುತ್ತವೆ. ಒಳಗಿನ ಯಂತ್ರ ಸ್ವಿಟ್ಜರ್ಲೆಂಡಿನದೋ ಇಂಗ್ಲೆಂಡಿನದೋ ಇರುತ್ತದೆ. ಹೆಸರು ಮಾರಿದವರದು. ನಮ್ಮ ಮೈಸೂರಿನಲ್ಲಿ ಇನ್ನೊಂದು ಗೊಂದಲ ಇದೆ. ಗಂಡಭೇರುಂಡದ ಚಿತ್ರ ಇದ್ದರೆ "ಅರಮನೆ ಅಕ್ಕಸಾಲಿಗರು ಮಾಡಿದ್ದು" ಎಂದುಬಿಡುತ್ತೇವೆ. ಗಂಡಭೇರುಂಡ ಸಂಸ್ಥಾನದ ಲಾಂಛನ. ಯಾರ ಸೊತ್ತು, ಯಾರು ಕೊಟ್ಟದ್ದು ಅನ್ನುವುದಕ್ಕೆ ಅದು ಸುಳಿವು. ಯಾರು ಮಾಡಿದ್ದು ಅನ್ನುವುದಕ್ಕೆ ಬೇರೆ ಕಡೆ ಹುಡುಕಬೇಕು.

ಈಗ ನಮ್ಮೆಲ್ಲರ ಮನೆಯಲ್ಲೂ ಇರುವ ಒಂದಕ್ಕೆ ಬರೋಣ. ಕಾಸಿನ ಸರ. ಇದರಲ್ಲಿ ನಿಜವಾದ ಇಂಗ್ಲಿಷ್ ಪವನು, ಅಂದರೆ ಅವರ ಚಿನ್ನದ ನಾಣ್ಯ, ಪೋಣಿಸಿದ್ದರೆ ನಿಮ್ಮ ಕೊರಳಲ್ಲಿ ಮಾಡಿದವನ ಸಹಿ ಇದೆ. ಸುಮ್ನೆ ಹೇಳುತ್ತಿಲ್ಲ. ಕುದುರೆ ಮೇಲೆ ಕೂತು ಸರ್ಪವನ್ನು ಕೊಲ್ಲುವ ವೀರನ ಚಿತ್ರ ಇರುತ್ತದಲ್ಲ, ಅದರ ಕೆಳಗೆ, ನೆಲದ ಗೆರೆಯ ಕೆಳಗೆ, ಬಲಗಡೆ ನೋಡಿ. ಸಾಸಿವೆಗಿಂತ ಸಣ್ಣದಾಗಿ "ಬಿ.ಪಿ." ಅಂತ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಬೆನೆಡೆಟ್ಟೋ ಪಿಸ್ಟ್ರುಚ್ಚಿ. ರೋಮ್ ನಗರದಲ್ಲಿ ಹುಟ್ಟಿದ ಕೆತ್ತನೆಗಾರ. 1817ರ ಪವನಿಗೆ ಆ ಚಿತ್ರ ಕೊರೆದವನು ಅವನೇ. ಇನ್ನೊಂದು ಬದಿಯಲ್ಲಿ ರಾಜನ ಕುತ್ತಿಗೆ ಕತ್ತರಿಸಿದಂತೆ ಕಾಣುವ ಅಂಚಿನಲ್ಲಿ ಇನ್ನೊಬ್ಬನ ಅಕ್ಷರ. ಐದನೇ ಜಾರ್ಜ್ ಆದರೆ "ಬಿ.ಎಂ.", ಬರ್ಟ್ರಮ್ ಮೆಕೆನಲ್. ವಿಕ್ಟೋರಿಯಾ ರಾಣಿಯ ಎಳೆಯ ವಯಸ್ಸಿನ ತಲೆಯಾದರೆ "ಡಬ್ಲ್ಯು.ಡಬ್ಲ್ಯು.", ವಿಲಿಯಂ ವಯಾನ್. ನಮ್ಮ ಅಜ್ಜಿಯರು ಜನ್ಮವೆಲ್ಲ ಹಾಕಿಕೊಂಡು ಓಡಾಡಿದ ಅಕ್ಷರಗಳು ಇವು.

ಅದೇ ನಾಣ್ಯದಲ್ಲಿ ಟಂಕಸಾಲೆಯ ಗುರುತೂ ಇರುತ್ತದೆ. ಜಾರ್ಜ್ ರಾಜನ ಕಾಲದ ಪವನಿನಲ್ಲಿ ಇಸವಿಯ ಮೇಲೆ, ಕುದುರೆ ನಿಂತ ನೆಲದ ಮೇಲೆ ಒಂದು ಪುಟ್ಟ ಅಕ್ಷರ ಹುಡುಕಿ. "ಎಂ" ಇದ್ದರೆ ಮೆಲ್ಬೋರ್ನ್. "ಎಸ್" ಸಿಡ್ನಿ. "ಪಿ" ಪರ್ತ್. ಏನೂ ಇಲ್ಲದಿದ್ದರೆ ಲಂಡನ್. "ಐ" ಅಂತ ಇದ್ದರೆ ಸ್ವಲ್ಪ ಕೂತು ನೋಡಿ. ಅದು ಬೊಂಬಾಯಿಯಲ್ಲಿ ಮುದ್ರಿಸಿದ್ದು. ಜಾರ್ಜ್ ರಾಜನ ಕಾಲದಲ್ಲಿ ಆ ಗುರುತು ಬರುವುದು 1918ರ ಪವನಿನಲ್ಲಿ ಮಾತ್ರ. ಒಂದು ಪವನು 7.98 ಗ್ರಾಂ ಚಿಲ್ಲರೆ ತೂಗಬೇಕು, ಅಡ್ಡಳತೆ 22 ಮಿಲಿಮೀಟರ್ ಚಿಲ್ಲರೆ, ಚಿನ್ನ 22 ಕ್ಯಾರೆಟ್. ಕೊಂಡಿ ಬೆಸೆದಿದ್ದರೆ ತೂಕ ಸ್ವಲ್ಪ ಏರುತ್ತದೆ. "ಬಿ.ಪಿ." ಅಕ್ಷರವೇ ಇಲ್ಲದೆ ಬರೀ ಕುದುರೆ ಇದ್ದರೆ, ಅಥವಾ ಆ ಅಕ್ಷರ ಇರಬೇಕಾದ ಕಡೆ ಗುಳ್ಳೆ ಎದ್ದಂತಿದ್ದರೆ, ಪವನಿನಿಂದ ಅಚ್ಚು ತೆಗೆದು ಎರಕ ಹೊಯ್ದ ಕಾಸು ಇರಬಹುದು. ಅದೂ ಚಿನ್ನವೇ ಆಗಿರಬಹುದು, ಆದರೆ ಪವನಲ್ಲ. ಹತ್ತಿಪ್ಪತ್ತು ಕಾಸಿನ ಸರದಲ್ಲಿ ನಾಲ್ಕು ನಿಜವಾದ ಪವನು, ಉಳಿದದ್ದು ನಮ್ಮೂರಿನ ಕಾಸು, ಹೀಗೆ ಬೆರೆತದ್ದನ್ನು ನಾನು ಎಷ್ಟೋ ನೋಡಿದ್ದೇನೆ. ವರ್ಷಕ್ಕೆ ಒಂದೊಂದು ಸೇರಿಸುತ್ತಾ ಬಂದ ಸರ ಹಾಗೇ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಬ್ಬರು ಕೇಳಿದರು: "ನಮ್ಮ ಅಡ್ಡಿಕೆಯ ಮೇಲೆ ಏನೂ ಇಲ್ಲವಲ್ಲ ಸರ್?" ನಾನು ಕಾಯುತ್ತಿದ್ದದ್ದು ಈ ಪ್ರಶ್ನೆಗೇ.

ನಿಜ. ನಮ್ಮ ಅಡ್ಡಿಕೆ, ವಂಕಿ, ಡಾಬು, ಬುಗುಡಿ, ಜಡೆಬಿಲ್ಲೆಗಳ ಮೇಲೆ ಮಾಡಿದವನ ಹೆಸರು ಇರುವುದೇ ಇಲ್ಲ ಎನ್ನಬಹುದು. ದೇವಸ್ಥಾನದ ಚಿನ್ನ ನೋಡಿ. ಮೇಲುಕೋಟೆಯ ರಾಜಮುಡಿ ಕಿರೀಟಕ್ಕೆ ರಾಜ ಒಡೆಯರ ಹೆಸರು. ಕೃಷ್ಣರಾಜಮುಡಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು. ಅದೇ ಮುಮ್ಮಡಿಯವರು ಚಾಮುಂಡಿ ಬೆಟ್ಟದ ತಾಯಿಗೆ ನಕ್ಷತ್ರಮಾಲಿಕೆ ಕೊಟ್ಟರು. ಅದರ ಮೇಲೆ ಸಂಸ್ಕೃತ ಶ್ಲೋಕಗಳನ್ನೇ ಕೊರೆದಿದ್ದಾರೆ. ಶ್ಲೋಕ ಕೊರೆದ ಕೈ ಯಾವುದು ಅಂತ ನಾವು ಕೇಳುವುದಿಲ್ಲ. ಕೊಟ್ಟವರ ಹೆಸರು ಉಳಿಯಿತು.

ಇದಕ್ಕೆ ಕಾರಣ ಇದೆ. ನಮ್ಮಲ್ಲಿ ಚಿನ್ನ ಗಿರಾಕಿಯದು, ಕೆಲಸ ಮಾತ್ರ ಆಚಾರ್ರದು. ಮನೆಯವರು ಚಿನ್ನ ತಂದುಕೊಟ್ಟು, ಕರಗಿಸುವಾಗ ಎದುರಿಗೇ ಕೂತಿರುತ್ತಿದ್ದರು. ತಲೆಮಾರುಗಟ್ಟಲೆ ಒಂದೇ ಮನೆಗೆ ಒಬ್ಬರೇ ಆಚಾರ್ರು. ಮುಖ ಗೊತ್ತಿರುವ ಕಡೆ ಮುದ್ರೆ ಯಾಕೆ? "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ" ಅಂತ ಗಾದೆ ಇದೆ. ಚಿಕ್ಕವನಿದ್ದಾಗ ಶಾಲೆಯಲ್ಲಿ ಅದನ್ನು ಕೇಳಿ ಅತ್ತುಕೊಂಡು ಮನೆಗೆ ಬಂದಿದ್ದೆ. ಅಜ್ಜ ಬೈಯಲಿಲ್ಲ. ಒಂದು ಓಲೆ ಕೈಗೆ ಕೊಟ್ಟು, ಅದರ ಹಿಂಬದಿಯ ತಿರುಪಿನ ತೂತಿನ ಅಂಚನ್ನು ಬೆರಳಲ್ಲಿ ಸವರು ಎಂದರು. ಎರಡು ಓರೆ ಗೀಟು ಸಿಕ್ಕವು. ಅರದಿಂದ ಎಳೆದದ್ದು. "ನಾನು ಮಾಡಿದ್ದಕ್ಕೆಲ್ಲ ಇದಿರುತ್ತದೆ. ರಿಪೇರಿಗೆ ವಾಪಸ್ ಬಂದಾಗ ನನ್ನದು ಅಂತ ಗೊತ್ತಾಗಬೇಕಲ್ಲ" ಎಂದರು. ಅದು ಗಿರಾಕಿಗೆ ತೋರಿಸುವ ಗುರುತಲ್ಲ. ತನಗೆ ತಾನೇ ಉತ್ತರ ಕೊಟ್ಟುಕೊಳ್ಳುವ ಗುರುತು.

ಅಂಥ ಗುರುತು ಹುಡುಕುವಾಗ ಒಂದು ಎಚ್ಚರಿಕೆ. ಹಳೆಯ ಓಲೆಗಳ ಹಿಂದೆ ಒಂದರಲ್ಲಿ ಒಂದು ಚುಕ್ಕೆ, ಇನ್ನೊಂದರಲ್ಲಿ ಎರಡು ಚುಕ್ಕೆ ಇರುವುದುಂಟು. ಅದು ಮಾಡಿದವನ ಸಹಿ ಅಲ್ಲ. ಕೈಯಲ್ಲಿ ಸುರುಳಿ ಗೆರೆ ಕೊರೆದ ತಿರುಪು ಅದರದರ ಓಲೆಗೇ ಕೂರುತ್ತದೆ. ಎಡಕಿವಿಯದು ಬಲಕ್ಕೆ ಹತ್ತುವುದಿಲ್ಲ. ಜೋಡಿ ತಪ್ಪದಿರಲಿ ಅಂತ ಆ ಚುಕ್ಕೆ. ಹಾಗೆಯೇ ಕಡಗದ ಒಳಗೆ ಕನ್ನಡ ಅಂಕಿ ಗೀಚಿದ್ದರೆ ಅದು ತೂಕವೋ ಗಿರವಿ ಅಂಗಡಿಯ ಚೀಟಿ ನಂಬರೋ ಆಗಿರುತ್ತದೆ. ಸವೆದು ಹೋದಾಗ ೬ ಮತ್ತು ೯ ಎರಡೂ ಒಂದೇ ಥರ ಕಾಣುತ್ತವೆ, ತಿರುಗಿಸಿ ತಿರುಗಿಸಿ ಓದಬೇಕು. ಇನ್ನು ಮುಂಭಾಗದ ವಿನ್ಯಾಸ ನೋಡಿ ಇಂಥವರೇ ಮಾಡಿದ್ದು ಅನ್ನುವುದಕ್ಕೆ ಆಗುವುದಿಲ್ಲ. ಹೂವು, ಮಾವಿನಕಾಯಿ, ಲಕ್ಷ್ಮಿ, ಇವುಗಳ ಅಚ್ಚುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಒಂದೇ ಅಚ್ಚಿನಲ್ಲಿ ಹತ್ತು ಜನ ಹೊಡೆದಿರುತ್ತಾರೆ. ಕೈಯ ಗುರುತು ಸಿಗುವುದು ಬೆಸುಗೆಯಲ್ಲಿ, ಹರಳು ಕೂರಿಸಿದ ರೀತಿಯಲ್ಲಿ, ಯಾರಿಗೂ ಕಾಣದ ಹಿಂಬದಿಯನ್ನು ಎಷ್ಟು ನಯ ಮಾಡಿದ್ದಾರೆ ಅನ್ನುವುದರಲ್ಲಿ.

1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂತು. ಹೊಸ ಒಡವೆ 14 ಕ್ಯಾರೆಟ್ ಮೀರುವಂತಿಲ್ಲ. 22 ಕ್ಯಾರೆಟ್‌ಗೆ ಪಳಗಿದ ಕೈಗೆ 14 ಕ್ಯಾರೆಟ್ ಬಗ್ಗುವುದಿಲ್ಲ. ಗಿರಾಕಿಗೂ ಬೇಡ. ದೇಶದ ತುಂಬ ಅಕ್ಕಸಾಲಿಗರು ಬೀದಿಗೆ ಬಂದರು, ಜೀವ ಕಳೆದುಕೊಂಡವರೂ ಇದ್ದಾರೆ. ನಮ್ಮಜ್ಜ ಅಗ್ಗಿಷ್ಟಿಕೆ ಆರಿಸಿ ಎರಡು ವರ್ಷ ಸೈಕಲ್ ಪಂಕ್ಚರ್ ಹಾಕಿದರು. 14 ಕ್ಯಾರೆಟ್ ಮಿತಿ 1966ರಲ್ಲಿ ಹೋಯಿತು. ಆದರೆ 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರವರೆಗೆ ಉಳಿಯಿತು. ನಮ್ಮ ಕಡೆ ಮಾಡಿದ ಒಡವೆಯ ಮೇಲೆ 14 ಅಂತ ಹಳೆಯ ಮುದ್ರೆ ಸಿಕ್ಕರೆ ಆ ಮೂರು ನಾಲ್ಕು ವರ್ಷದ್ದೇ ಇರಬಹುದೇ ಅಂತ ಯೋಚಿಸಿ. ಅದರ ಬೆಲೆ ಕಡಿಮೆ ಅಂತ ಬಿಸಾಡಬೇಡಿ.

ನಮ್ಮ ಮನೆಯಲ್ಲಿ ಅಜ್ಜ ಮಾಡಿದ್ದು ಈಗ ಒಂದೂ ಇಲ್ಲ. ಅಮ್ಮನ ಬುಗುಡಿಗಳನ್ನು ಒಂದು ಅಂಗಡಿಯಲ್ಲಿ ಹೊಸ ಬಳೆಗೆ ಹಾಕಿದರು. ಹಿಂಬದಿ ನೋಡದೆಯೇ ಮೂಸೆಗೆ ಇಳಿಸಿದರು. ನಾನು ಊರಲ್ಲಿರಲಿಲ್ಲ. ಎಷ್ಟೋ ವರ್ಷದ ಮೇಲೆ ಮಂಡ್ಯದ ಶಾಖೆಯಲ್ಲಿ ಒಬ್ಬ ಹೆಣ್ಣುಮಗಳು ಒಂದು ಜೊತೆ ಓಲೆ ಅಡ ಇಡಲು ಬಂದರು. ತಿರುಪು ಬಿಚ್ಚಿ ತೂತಿನ ಅಂಚು ಸವರಿದೆ. ಎರಡು ಓರೆ ಗೀಟು. ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. "ಎಲ್ಲಿ ಮಾಡಿಸಿದ್ದಮ್ಮ?" ಎಂದೆ. "ನಮ್ಮಜ್ಜಿದು ಸಾರ್. ಶ್ರೀರಂಗಪಟ್ಟಣದಲ್ಲಿ ಮಾಡ್ಸಿದ್ದಂತೆ. ಹಳೇದಾಯ್ತು, ಈ ಸಲ ಬಿಡಿಸ್ಕೊಂಡ ಮೇಲೆ ಕರಗಿಸ್ಬಿಡೋಣ ಅಂತಿದ್ದೀನಿ" ಎಂದರು. ನಾನು ವಿಷಯ ಹೇಳಿದೆ. ಬಟವಾಡೆ ಬಂದ ಮೇಲೆ ಅವರು ಬಿಡಿಸಿಕೊಂಡು ಹೋದರು. ಹೋಗುವಾಗ ನನ್ನ ಕೈಗೆ ಕೊಟ್ಟು, ಬೇಕಾದಷ್ಟು ಫೋಟೋ ತೆಗೆದುಕೊಳ್ಳಿ ಎಂದರು. ಕರಗಿಸಿಲ್ಲ. ಅವರ ಮಗಳು ಹಾಕಿಕೊಳ್ಳುತ್ತಾಳೆ.

ಇತ್ತೀಚಿನ ಮುದ್ರೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೆಡಿಎಂ ಅನ್ನುವುದು ಶುದ್ಧತೆಯ ಗುರುತಲ್ಲ, ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯದು. ಹಳೆಯ ಬೆಸುಗೆಗೆ ತಾಮ್ರ, ಬೆಳ್ಳಿ ಬೆರೆಸುತ್ತಿದ್ದರು. ಒಡವೆ ಕರಗಿಸಿದಾಗ ಅದು ಚಿನ್ನದಲ್ಲೇ ಉಳಿದು ಶುದ್ಧತೆ ಇಳಿಯುತ್ತಿತ್ತು. ಕ್ಯಾಡ್ಮಿಯಂ ಹಾಗಲ್ಲ, ಚಿನ್ನ ಕರಗುವ ಮೊದಲೇ ಅದು ಆವಿಯಾಗಿ ಹೋಗುತ್ತದೆ. ಅದಕ್ಕೇ ಅದು ಓಡಿತು. ಆ ಆವಿ ಹೋಗುತ್ತಿದ್ದದ್ದು ಊದುಗೊಳವೆ ಹಿಡಿದವನ ಎದೆಗೆ. ವಿಷ ಅದು. ಈಗ ಅದನ್ನು ಬಳಸುವಂತಿಲ್ಲ.

ಬಿಐಎಸ್ ಹಾಲ್‌ಮಾರ್ಕ್ ಶುರುವಾದದ್ದು 2000ದಲ್ಲಿ. ಬಿಐಎಸ್ ಅಂದರೆ ಭಾರತೀಯ ಮಾನಕ ಬ್ಯೂರೋ. ಹಾಗಾಗಿ ತ್ರಿಕೋನದ ಬಿಐಎಸ್ ಗುರುತಿರುವ "ಪುರಾತನ" ಒಡವೆ ಯಾರಾದರೂ ತೋರಿಸಿದರೆ, ಒಂದೋ ಅದು ಹಳೆಯದಲ್ಲ, ಅಥವಾ ಹಳೆಯದಕ್ಕೆ ಆಮೇಲೆ ಮುದ್ರೆ ಹಾಕಿಸಿದ್ದು. ಮೊದಲ ವರ್ಷಗಳಲ್ಲಿ ಐದು ಗುರುತು ಇದ್ದವು. ಅದರಲ್ಲಿ ಒಂದು ವರ್ಷದ ಅಕ್ಷರ, 2000ಕ್ಕೆ ಎ, 2001ಕ್ಕೆ ಬಿ, ಹೀಗೆ. 2017ರಲ್ಲಿ ವರ್ಷದ ಅಕ್ಷರ ತೆಗೆದರು. 2021ರ ಜುಲೈನಿಂದ ಒಂದೊಂದು ಒಡವೆಗೂ ಅದರದ್ದೇ ಆದ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಬಂತು. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದರೆ ಅಂಗಡಿ, ಪರೀಕ್ಷಾ ಕೇಂದ್ರ, ಶುದ್ಧತೆ ಎಲ್ಲ ಬರುತ್ತದೆ. ಮಾಡಿದ ಆಚಾರ್ರ ಹೆಸರು ಅದರಲ್ಲೂ ಇಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ. ಇಷ್ಟೆಲ್ಲ ದಾಖಲೆ ಇಡುವ ಕಾಲದಲ್ಲಿ ಆ ಒಂದು ಸಾಲು ಸೇರಿಸುವುದು ಕಷ್ಟವಲ್ಲ.

ನೋಡುವುದು ಹೇಗೆ? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು ತೆಗೆದುಕೊಳ್ಳಿ. ಮೊಬೈಲಿನ ಹತ್ತಿರದ ಫೋಟೋ ಕೂಡ ನಡೆಯುತ್ತದೆ. ಬೆಳಕು ಮೇಲಿನಿಂದ ಬೇಡ, ಬದಿಯಿಂದ ಬೀಳಲಿ. ಬೆಳಿಗ್ಗೆಯ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಸವೆದ ಗುರುತಿನ ಮೇಲೆ ಬಾಯಿಂದ ಆವಿ ಬಿಟ್ಟರೆ, ಆವಿ ಆರುವ ಆ ಎರಡು ಕ್ಷಣದಲ್ಲಿ ಅಕ್ಷರ ಎದ್ದು ಕಾಣುವುದುಂಟು. ಬೇರೆ ಸಾಮಾನಿನಿಂದ ಮುದ್ರೆ ಕತ್ತರಿಸಿ ತಂದು ಬೆಸೆದ ಮೋಸವೂ ಅದೇ ಆವಿಯಲ್ಲಿ ಸಿಕ್ಕಿಬೀಳುತ್ತದೆ. ಬೆಸುಗೆಯ ಗೆರೆ ಸುತ್ತ ಕಾಣುತ್ತದೆ. ಒತ್ತಿ ಹೊಡೆದ ಮುದ್ರೆಯ ಅಂಚು ಚೂಪು. ಎರಕದಲ್ಲಿ ಬಂದ ನಕಲಿಯ ಅಂಚು ಮೆದುವಾಗಿ, ತಗ್ಗಿನಲ್ಲಿ ಸಣ್ಣ ಗುಳಿ ಇರುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಬೇಡಿ, ಗುರುತು ಸವೆಯುತ್ತದೆ. ಅಂಟುವಾಳದ ನೀರು, ಮೆತ್ತನೆಯ ಬ್ರಷ್ ಸಾಕು. ಮುತ್ತು ಇದ್ದರೆ, ಒಳಗೆ ಅರಗು ತುಂಬಿದ ಒಡವೆಯಾದರೆ ನೀರಿಗೇ ಹಾಕಬೇಡಿ, ಒಣ ಬಟ್ಟೆಯಲ್ಲಿ ಒರೆಸಿ.

ಗುರುತು ಸಿಕ್ಕ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತೂಕ, ಗುರುತಿನ ಚಿತ್ರ, ಎಲ್ಲಿದೆ, ಮನೆಯಲ್ಲಿ ಯಾರು ಏನು ಹೇಳಿದರು. ಅಜ್ಜಿ ಇದ್ದರೆ ಇವತ್ತೇ ಕೇಳಿ. ಇನ್ನೊಂದು ಮಾತು, ಮಕ್ಕಳು ಹೊರದೇಶದಲ್ಲಿ ಇರುವವರಿಗೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ನಾವಾಗಿಯೇ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ತುಂಬ ಹಳೆಯದಾದರೆ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ಮಾತು ಮುಗಿದ ಮೇಲೆ ಸರಸ್ವತಿಪುರಂ ಕಡೆಯ ಒಬ್ಬ ತಾಯಿ ಕುಂಕುಮದ ಡಬ್ಬಿ ತೆರೆದು ಒಂದು ಉದ್ದನೆಯ ಬ್ರೋಚು ಕೊಟ್ಟರು. ಅವರ ಅಜ್ಜಿ ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದದ್ದು. ಹಿಂಬದಿಯಲ್ಲಿ ಲಂಗರು. ಹಾಗಾದರೆ ಬರ್ಮಿಂಗ್‌ಹ್ಯಾಮ್. 15, ಪಕ್ಕದಲ್ಲಿ .625. ಸಣ್ಣಕ್ಷರದ "ಹೆಚ್", ಅಂದರೆ 1907ರ ನಡುವಿನಿಂದ 1908ರ ನಡುವಿನವರೆಗೆ. ಪಿನ್ನಿನ ಬುಡದಲ್ಲಿ ಸೂಜಿಯಲ್ಲಿ ಗೀಚಿದ ಕನ್ನಡ ಅಂಕಿ, ೬ ಅಥವಾ ೯. ಅದನ್ನು ನೋಡಿ ಅವರು "ಒಂದು ಸಲ ಗಿರವಿ ಅಂಗಡಿಗೆ ಹೋಗಿತ್ತು ಅಂತ ಅಮ್ಮ ಹೇಳ್ತಿದ್ರು" ಎಂದರು. ಉಳಿದದ್ದು ಗುರಾಣಿ ಆಕಾರದ ಚೌಕಟ್ಟಿನಲ್ಲಿ ಎರಡು ಅಕ್ಷರ. ಮೊದಲನೆಯದು ಡಬ್ಲ್ಯು. ಎರಡನೆಯದು ಸವೆದಿತ್ತು. ಓ ಇರಬಹುದು, ಸಿ ಇರಬಹುದು. ನಾಲ್ಕು ಜನ ಸೇರಿ ಲೂಪ್ ಕೈ ಬದಲಾಯಿಸಿಕೊಂಡು ನೋಡಿದೆವು. ಆವಿ ಬಿಟ್ಟು ನೋಡಿದೆವು. ಕೊನೆಗೆ ಒಬ್ಬ ಹುಡುಗಿ ಬ್ರೋಚನ್ನು ಕಿಟಕಿ ಹತ್ತಿರ ಒಯ್ದು, ಬಿಸಿಲಿಗೆ ಓರೆಯಾಗಿ ಹಿಡಿದು, "ಬಲಗಡೆ ಬಾಯಿ ತೆರೆದಿದೆ ಸರ್, ಸಿ" ಎಂದಳು. ಹಾಗೇ ಬರೆದುಕೊಂಡೆವು.